ತಾರೀಖಿನ ಖಾನೆ

ಗೆಳೆಯಾ,

ರಿಜಿಸ್ಟರಿನಲ್ಲಿ ಒಂದು ತಾರೀಖು ಹೊಂದದಿದ್ದರೆ ನಿನಗೆ ಊಟ ಸೇರುವುದಿಲ್ಲವಲ್ಲ, ಅದಕ್ಕೇ ಇದನ್ನು ನಿನಗೆ ಬರೆಯುತ್ತಿದ್ದೇನೆ. ಉಳಿದವರೂ ಓದಲಿ.

ಪೌಲ್ ಗ್ರೂನಿಂಗರ್ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗ್ಯಾಲೆನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅಲ್ಲಿನ ಯಹೂದಿಗಳು ಇವನ ಗಡಿಗೆ ಬರತೊಡಗಿದರು. ಆಗಸ್ಟ್‌ನಲ್ಲಿ ಸ್ವಿಸ್ ಕೇಂದ್ರ ಸರ್ಕಾರ ಇರುವ ಬರ್ನ್‌ನಿಂದ ಆದೇಶ ಬಂತು: ಇನ್ನು ಮುಂದೆ ವೀಸಾ ಇಲ್ಲದೆ ಬಂದವರನ್ನು ವಾಪಸ್ ಕಳಿಸಿ. ಅಕ್ಟೋಬರ್‌ನಲ್ಲಿ, ಸ್ವಿಸ್ ಅಧಿಕಾರಿಗಳ ಜೊತೆ ಮಾತುಕತೆಯಾದ ಮೇಲೆ, ಜರ್ಮನಿ ಯಹೂದಿಗಳ ಪಾಸ್‌ಪೋರ್ಟ್ ಮೇಲೆ 'ಜೆ' ಮುದ್ರೆ ಒತ್ತಲು ಶುರುಮಾಡಿತು. ನಿಲ್ಲಿಸಬೇಕಾದವರನ್ನು ಗುರುತಿಸಲು ಒಂದೇ ಅಕ್ಷರ ಸಾಕಾಯಿತು.

ಗ್ರೂನಿಂಗರ್ ಹಿಡಿದದ್ದು ತಾರೀಖಿನ ಖಾನೆಯನ್ನು. ಆದೇಶದ ನಂತರ ಬಂದವರ ಅರ್ಜಿಯಲ್ಲಿ ಆಗಮನದ ದಿನವನ್ನು ಹಿಂದಕ್ಕೆ, ಗಡಿ ಮುಚ್ಚುವ ಮೊದಲಿಗೆ, ತಳ್ಳಿದರೆ ಆ ಮನುಷ್ಯ 'ಮೊದಲೇ ಬಂದವ'. ಹೊರಹಾಕುವಂತಿಲ್ಲ. ಊಟ ವಸತಿಯ ಖರ್ಚು ಯಹೂದಿ ಸಹಾಯ ಸಂಸ್ಥೆಯದು. ಹೀಗೆ ಉಳಿದವರು ನೂರಾರು ಜನ, ಕೆಲವರ ಲೆಕ್ಕದಲ್ಲಿ ಮೂರು ಸಾವಿರಕ್ಕೂ ಮೇಲೆ.

ಈ ಉಪಾಯದ ದೌರ್ಬಲ್ಯ ನಿನಗೆ ಆಗಲೇ ಹೊಳೆದಿರುತ್ತದೆ. ಒಂದು ಕಾಗದದ ತಾರೀಖು ತಿದ್ದಬಹುದು, ಆದರೆ ಅದೇ ಮನುಷ್ಯನ ಉಳಿದ ಕಾಗದಗಳು ಬೇರೆ ದಿನ ಹೇಳುತ್ತವೆ. ಜೊತೆಗೆ, ಗಡಿ ಮುಚ್ಚಿದ ಮೇಲೂ ಒಂದೇ ಪ್ರಾಂತ್ಯದಲ್ಲಿ ಇಷ್ಟೊಂದು ನಿರಾಶ್ರಿತರು ಹೇಗೆ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? 1939ರ ವಸಂತದಲ್ಲಿ, ಯುದ್ಧಕ್ಕೆ ಕೆಲವೇ ತಿಂಗಳಿರುವಾಗ, ಅವನ ಕೆಲಸ ಹೋಯಿತು. 1940ರಲ್ಲಿ ನ್ಯಾಯಾಲಯ 300 ಫ್ರಾಂಕ್ ದಂಡ ಹಾಕಿತು. ಪಿಂಚಣಿಯೂ ಹೋಯಿತು. 1972ರಲ್ಲಿ ಬಡತನದಲ್ಲೇ ಸತ್ತ. ಆ ತೀರ್ಪು ರದ್ದಾದದ್ದು 1995ರಲ್ಲಿ.

ನನ್ನನ್ನು ಕಾಡುತ್ತಿರುವುದು ಅವನ ಧೈರ್ಯಕ್ಕಿಂತ ಅವನನ್ನು ಹಿಡಿದವರ ಅಚ್ಚುಕಟ್ಟುತನ. ಆ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನೂ ಆ ತಾರೀಖುಗಳನ್ನು ಜೋಡಿಸಿ ನೋಡುತ್ತಿದ್ದೆ ಕಣೋ. ತಪ್ಪು ಸಿಕ್ಕಿತು ಎಂದು ಖುಷಿಪಟ್ಟು, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮೇಲಕ್ಕೆ ಕಳಿಸಿ, ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಆ ಸುತ್ತಿನೊಳಗೆ ಒಂದು ಜೀವ ಇದೆ ಎಂದು ನನಗೆ ಯಾರು ಹೇಳುತ್ತಿದ್ದರು?

ಇಷ್ಟು ಬರೆಯುವ ಉದ್ದೇಶ ಇರಲಿಲ್ಲ, ಬಿಡು. ನಿನಗೆ ಇಷ್ಟವಾಗುವ ಸುದ್ದಿ ಕೊನೆಗೆ ಇಟ್ಟಿದ್ದೇನೆ: ಈ ಮನುಷ್ಯ ಒಳ್ಳೆ ಫುಟ್‌ಬಾಲ್ ಆಟಗಾರ, 1915ರಲ್ಲಿ ಸ್ವಿಸ್ ಚಾಂಪಿಯನ್ ಆದ ಬ್ರೂಲ್ ತಂಡದವನು. ಭಾನುವಾರ ಬಾ, ಗೋಲ್‌ಕೀಪರ್ ಜಾಗ ಇನ್ನೂ ನಿನ್ನದೇ.

ನಿನ್ನವ