ಬ್ಲೋವರ್ ಕೆಟ್ಟರೆ ಮೋಟಾರನ್ನೇ ಬದಲಿಸಬೇಕೆ?

ಮಾನ್ಯ ಸಂಪಾದಕರೇ,

ಕೊಡಗಿನ ಮಳೆಗಾಲದಲ್ಲಿ ಕಾರಿನ ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನು, ಕೆಡುವುದೆಂದರೆ ಬರೀ ಚಳಿಯ ತೊಂದರೆಯಲ್ಲ. ಮುಂದಿನ ಗಾಜಿನ ಒಳಬದಿಗೆ ಮಂಜು ಕಟ್ಟಿ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಎದುರಿನ ವಾಹನವೇ ಕಾಣದಾಗುತ್ತದೆ. ಕಳೆದ ಜುಲೈನಲ್ಲಿ ನನ್ನ ಹಳೆಯ ಕಾರಿನ ಬ್ಲೋವರ್ ಮೊದಲ ಮೂರು ವೇಗಗಳಲ್ಲಿ ಸತ್ತಂತಿದ್ದು, ನಾಲ್ಕನೆಯದರಲ್ಲಿ ಮಾತ್ರ ತಿರುಗತೊಡಗಿತು. ಗ್ಯಾರೇಜೊಂದರಲ್ಲಿ ಮೋಟಾರನ್ನೇ ಬದಲಿಸಬೇಕೆಂದರು. ಆದರೆ ಪೂರ್ಣ ವೇಗದಲ್ಲಿ ಚೆನ್ನಾಗಿ ತಿರುಗುವ ಮೋಟಾರು ಕೆಟ್ಟಿದೆ ಎಂದು ನಂಬುವುದು ಹೇಗೆ? ಇಂಥ ಕಾರುಗಳಲ್ಲಿ ಕಡಿಮೆ ವೇಗಗಳಿಗೆ ವಿದ್ಯುತ್ತು ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗದ ಮೂಲಕ ಹಾದುಹೋಗುತ್ತದೆ; ಕೊನೆಯ ವೇಗದಲ್ಲಿ ಅದನ್ನು ಬಿಟ್ಟು ನೇರವಾಗಿ ಮೋಟಾರಿಗೆ ಹರಿಯುತ್ತದೆ.

ಇನ್ನೊಬ್ಬ ಮೆಕ್ಯಾನಿಕ್ ಗ್ಲೋವ್ ಬಾಕ್ಸ್ ಕಳಚಿ, ಎರಡು ಸ್ಕ್ರೂ ಬಿಚ್ಚಿ ರೆಸಿಸ್ಟರನ್ನು ಹೊರತೆಗೆದಾಗ ಅದರ ತಂತಿಸುರುಳಿ ತುಂಡಾಗಿತ್ತು, ಅದಕ್ಕೆ ವೈರು ಜೋಡಿಸುವ ಕನೆಕ್ಟರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಫ್ಯಾನಿನ ಎಸಳುಗಳ ನಡುವೆ ಸಿಲ್ವರ್ ಓಕ್ ಎಲೆಗಳು ಒದ್ದೆಮುದ್ದೆಯಾಗಿ ಸಿಕ್ಕಿಕೊಂಡಿದ್ದವು. ತಿಣುಕುವ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ರೆಸಿಸ್ಟರನ್ನು ತಂಪಾಗಿಡಬೇಕಾದ ಗಾಳಿಯೂ ಕುಗ್ಗುತ್ತದೆ. ಎಲೆ ತೆಗೆಯದೆ, ಕನೆಕ್ಟರ್ ಬದಲಿಸದೆ ಹೊಸ ರೆಸಿಸ್ಟರ್ ಹಾಕಿದ್ದರೆ ಅದೂ ಸುಡುತ್ತಿತ್ತು.

ಮೋಟಾರು ಬದಲಿಸಲು ಒಪ್ಪುವ ಮೊದಲು ರೆಸಿಸ್ಟರನ್ನು ಬಿಚ್ಚಿ ತೋರಿಸುವಂತೆ ವಾಹನ ಮಾಲೀಕರು ಕೇಳಬೇಕು. ಕೇಳದಿದ್ದರೂ ತೋರಿಸುವುದು ಗ್ಯಾರೇಜಿನವರ ಕರ್ತವ್ಯ.

– ಓದುಗ, ಮಡಿಕೇರಿ