ಗೊತ್ತಾಗದಂತೆ ಕೊಡುವ ಪುಡಿಯ ಜಾಹೀರಾತು ನಿಲ್ಲಿಸಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಕ್ಲಾಸಿಫೈಡ್ಸ್ ಪುಟದಲ್ಲಿ ಒಂದು ಚಿಕ್ಕ ಜಾಹೀರಾತು ಪದೇ ಪದೇ ಬರುತ್ತದೆ. ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ ಅಂತ. ಕೆಳಗೊಂದು ಮೊಬೈಲ್ ನಂಬರ್. ಡಾಕ್ಟರ ಹೆಸರಿಲ್ಲ, ಊರಿಲ್ಲ, ಪುಡಿಯಲ್ಲಿ ಏನಿದೆ ಅನ್ನುವ ಸುಳಿವೂ ಇಲ್ಲ. ಇಂಥ ಜಾಹೀರಾತು ಬಸ್ ಸ್ಟ್ಯಾಂಡ್ ಗೋಡೆಯ ಮೇಲೂ ಇದೆ, ವಾಟ್ಸಾಪಿನಲ್ಲೂ ಓಡಾಡುತ್ತದೆ. ಆದರೆ ಪೇಪರಿನಲ್ಲಿ ಬಂದಿದ್ದನ್ನು ನಮ್ಮ ಕಡೆಯ ಜನ ಜಾಸ್ತಿ ನಂಬುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಹಾಕುವುದು ನಿಲ್ಲಿಸಿ.

ನಾನು ಮದ್ದೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಸಂಜೆ ಅಂಗಡಿ ಮುಂದೆ ಜನ ಕಡಿಮೆಯಾದ ಮೇಲೆ ಕೆಲವು ಹೆಂಗಸರು ಬಂದು ನಿಲ್ಲುತ್ತಾರೆ. ಬೇರೆ ಗಿರಾಕಿ ಹೋಗುವ ತನಕ ಸುಮ್ಮನೆ ಕಾಯುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ. "ಅಣ್ಣ, ಕುಡಿಯೋದು ಬಿಡ್ಸೋ ಪುಡಿ ಐತಾ? ಉಪ್ಸಾರಿಗೆ ಹಾಕುದ್ರೆ ರುಚಿ ಗೊತ್ತಾಗಲ್ಲ ತಾನೆ?"

ಅವರು ದಡ್ಡರಲ್ಲ. ದೇವರ ಮುಂದೆ ಆಣೆ ಮಾಡಿಸಿ ಆಗಿರುತ್ತದೆ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆದು ಬಂದಿರುತ್ತಾರೆ. ಅಣ್ಣ ತಮ್ಮಂದಿರನ್ನು ಕರೆಸಿ ಪಂಚಾಯ್ತಿಯೂ ಆಗಿರುತ್ತದೆ. ಕಬ್ಬಿನ ದುಡ್ಡು ಕೈಗೆ ಬಂದ ವಾರವೇ ಕರಗುತ್ತದೆ, ಸಂಘದ ಸಾಲದ ಕಂತು ಮಾತ್ರ ಇವರ ತಲೆ ಮೇಲೆ. ಆಸ್ಪತ್ರೆಗೆ ಹೋಗೋಣ ಬನ್ನಿ ಅಂದರೆ "ನಂಗೇನು ಹುಚ್ಚು ಹಿಡಿದಿದ್ಯಾ" ಅಂತ ಗಂಡ ಎಗರಾಡುತ್ತಾನೆ. ಜಗಳ ಇಲ್ಲದೆ, ಯಾರಿಗೂ ತಿಳಿಯದೆ ಮುಗಿಯುವ ದಾರಿಯೊಂದಿದೆ ಅಂತ ಪೇಪರಿನಲ್ಲೇ ಬಂದರೆ ಅವರು ನಂಬದೆ ಏನು ಮಾಡುತ್ತಾರೆ, ಹೇಳಿ.

ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ನಿಜವಾಗಿಯೂ ಇದೆ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದದ್ದು. ಕುಡಿದ ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಆಮೇಲೆ ಆ ವಿಷವನ್ನೂ ದೇಹ ಕರಗಿಸುತ್ತದೆ. ಈ ಮಾತ್ರೆ ಆ ಎರಡನೇ ಕೆಲಸಕ್ಕೆ ತಡೆ ಹಾಕುತ್ತದೆ. ಹಾಗಾಗಿ ಮಾತ್ರೆ ತಿಂದವನು ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಹೃದಯದ ತೊಂದರೆ ಇದ್ದರಂತೂ ಜೀವವೇ ಹೋಗಬಹುದು. ಅದಕ್ಕೇ ಡಾಕ್ಟರು ಲಿವರ್, ಹೃದಯ ಎಲ್ಲ ನೋಡಿ, ರೋಗಿಗೆ ಬಿಡಿಸಿ ಹೇಳಿ, ಅವನು ಒಪ್ಪಿದ ಮೇಲೆ ಬರೆಯುತ್ತಾರೆ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆಯಾದರೂ ಕಳೆದಿರಬೇಕು. ಮಾತ್ರೆ ನಿಲ್ಲಿಸಿದ ಮೇಲೂ 2 ವಾರದ ತನಕ ಅದರ ಪ್ರಭಾವ ಇರಬಹುದು.

ಮುಖ್ಯ ವಿಷಯ ಇಲ್ಲಿದೆ. ಈ ಮಾತ್ರೆ ಕೆಲಸ ಮಾಡುವುದು ಭಯದಿಂದ. ನಾನು ಮಾತ್ರೆ ತಗೊಂಡಿದ್ದೇನೆ, ಕುಡಿದರೆ ಕೆಡುತ್ತೇನೆ ಅಂತ ಅವನಿಗೆ ಗೊತ್ತಿರಬೇಕು. ಗೊತ್ತಿಲ್ಲದವನಿಗೆ ಆ ಭಯ ಎಲ್ಲಿಂದ ಬರಬೇಕು? ಅವನು ಎಂದಿನಂತೆ ಹೋಗಿ ಕುಡಿಯುತ್ತಾನೆ. ಅಂಚೆಯಲ್ಲಿ ಬರುವ ಪುಡಿಗಳಲ್ಲಿ ಇದೇ ಮಾತ್ರೆಯನ್ನು ಅರೆದು ಸೇರಿಸುತ್ತಾರೇನೋ ಎಂಬ ಅನುಮಾನ ನನಗಿದೆ. ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲವಲ್ಲ!

ನಮ್ಮ ಅಂಗಡಿಗೆ ಬರುವ ಹೆಣ್ಣುಮಗಳೊಬ್ಬಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಓವರ್‌ಟೈಮ್ ದುಡ್ಡು ಕೂಡಿಸಿ ಇಂಥ ಪುಡಿ ತರಿಸಿದ್ದಳು. ಗಂಡ ಒಂದು ಬೀಗರೂಟದಲ್ಲಿ ಕುಡಿದವನು ಅಲ್ಲೇ ಬಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿದ್ದ, ಯಾವ ಮಾತ್ರೆ ತಗೊಳ್ತಾನೆ ಅಂತ ಕೇಳುತ್ತಲೇ ಇದ್ದರಂತೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಇವಳು ಬಾಯಿ ಬಿಡಲಿಲ್ಲ. ಮಾರನೇ ದಿನ ನರ್ಸ್ ಹತ್ತಿರ ಅತ್ತುಕೊಂಡು ಹೇಳಿದಳು. ಅವನೇನೋ ಬದುಕಿದ. ಆದರೆ ಈಗ ಹೆಂಡತಿ ಬಡಿಸಿದ್ದನ್ನು ಮುಟ್ಟುವುದಿಲ್ಲ. ವಿಷ ಹಾಕಿದಳು ಅಂತ ಊರಿಗೆಲ್ಲ ಹೇಳುತ್ತಾನೆ. ಕುಡಿತ ಹಾಗೇ ಇದೆ. ಪುಡಿ ಕಳಿಸಿದವನ ಫೋನ್ ಸ್ವಿಚ್ ಆಫ್. ಆ ಮನೆ ಹಾಳಾಗಿದ್ದರಲ್ಲಿ ಅವಳ ತಪ್ಪು ಏನಿದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಓದುಗರಿಗೆ ಹೇಳಬೇಕು. ವರ್ಷಗಟ್ಟಲೆ ದಿನಾ ಕುಡಿಯುವವರು ಒಂದೇ ಸಲ ನಿಲ್ಲಿಸುವುದೂ ಅಪಾಯ. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದ ದಿನವೇ ಬಾಟಲಿ ಬಿಡುವವರು ನಮ್ಮಲ್ಲಿ ಬಹಳ. ಮನಸ್ಸು ಒಳ್ಳೆಯದೇ. ಆದರೆ ಕೊನೆಯ ಗುಟುಕಿನಿಂದ ಒಂದು ದಿನದೊಳಗೆ ಕೈ ನಡುಗಲು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಗೋಡೆ ಮೇಲೆ ಹುಳ ಹರಿದ ಹಾಗೆ, ಯಾರೋ ಕರೆದ ಹಾಗೆ. ಮನೆಯವರು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಮೆದುಳಿಗೆ ಬಂದ ತುರ್ತು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಸುಸ್ತು ಅಂತ ಬರೀ ಗ್ಲೂಕೋಸ್ ಏರಿಸಿಕೊಂಡು ಬರುವುದೂ ಸರಿಯಲ್ಲ. ಹೀಗೆ ಕುಡಿಯುವ ಬಹಳ ಜನರ ಮೈಯಲ್ಲಿ ಬಿ1 ವಿಟಮಿನ್ ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಪೆಟ್ಟಾಗಬಹುದು.

ಹಾಗಾದರೆ ಎಲ್ಲಿಗೆ ಹೋಗಬೇಕು? ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಇದ್ದಾರೆ. ನಮ್ಮ ಜನಕ್ಕೆ ಇದೇ ಗೊತ್ತಿಲ್ಲ. ಕುಡಿತದ ಚಟ ಕಾಯಿಲೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೇ ಅದು ಬರುತ್ತದೆ ಅಂದರೆ ಎಷ್ಟೋ ಜನ ನನ್ನ ಮುಖ ನೋಡುತ್ತಾರೆ. ಗಂಡ ಬರಲು ಒಪ್ಪದಿದ್ದರೂ ಹೆಂಡತಿ ಒಬ್ಬಳೇ 14416ಕ್ಕೆ ಫೋನ್ ಮಾಡಿ ಮಾತಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಟಕ್ಕೆಂದೇ 14446 ಎಂಬ ಇನ್ನೊಂದು ಉಚಿತ ನಂಬರೂ ಇದೆ. ಅಂಗಡಿಗೆ ಬಂದವರಿಗೆ ನಾನು ಚೀಟಿಯಲ್ಲಿ ಇವೆರಡನ್ನೂ ಬರೆದುಕೊಡುತ್ತೇನೆ. ಕೆಲವರು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಾರೆ.

ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಆದರೆ ಕುಡಿಯುವವರು ಅಗ್ಗದ ವಿಸ್ಕಿ ಪ್ಯಾಕೆಟಿಗೆ ಹೋದರು, ಅಬಕಾರಿ ಆದಾಯ ಏರುತ್ತಲೇ ಇದೆ. ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುತ್ತಾರೆ. ಅದು ದೊಡ್ಡ ವಿಷಯ, ಬೇರೆಯವರು ಬರೆಯುತ್ತಿದ್ದಾರೆ, ಬರೆಯಲಿ. ನಾನು ಕೇಳುವುದು ನಿಮ್ಮ ಕೈಯಲ್ಲೇ ಇರುವ ಕೆಲಸ. ಆ ಪುಡಿಯ ಜಾಹೀರಾತು ತೆಗೆದುಹಾಕಿ. ಅಷ್ಟೇ ಜಾಗದಲ್ಲಿ, ಅದೇ ಪುಟದಲ್ಲಿ, 14416 ಎಂದು ದಪ್ಪ ಅಕ್ಷರದಲ್ಲಿ ಹಾಕಿ. ತಿಂಗಳಿಗೊಮ್ಮೆಯಾದರೂ ಮಿಮ್ಸ್‌ನ ಮನೋವೈದ್ಯರೊಬ್ಬರಿಂದ ಓದುಗರ ಪ್ರಶ್ನೆಗೆ ಉತ್ತರ ಬರೆಸಿ, ಕೇಳಿದವರ ಹೆಸರು ಹಾಕಬೇಡಿ. ಜಾಹೀರಾತು ವಿಭಾಗ ಬೇರೆ, ಸಂಪಾದಕೀಯ ಬೇರೆ ಎಂಬ ಉತ್ತರ ಬರಬಹುದು. ಪತ್ರಿಕೆ ಕೊಳ್ಳುವ ನಮಗೆ ಎರಡೂ ಒಂದೇ, ಅಲ್ವಾ?

– ಮೆಡಿಕಲ್ ಸ್ಟೋರ್ ನಡೆಸುವ ಓದುಗ, ಮದ್ದೂರು, ಮಂಡ್ಯ ಜಿಲ್ಲೆ