ಫೋಟೋದ ಕೆಳಗೊಂದು ಖಾಲಿ ಸಾಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ನ್ಯೂಯಾರ್ಕ್ ಕಡೆಯ ನಮ್ಮ ಕನ್ನಡ ಬಳಗದ ಪತ್ರಿಕೆಯ ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು, ಈಗ ರಾತ್ರಿ ಹನ್ನೊಂದೂವರೆ, ಪಾತ್ರೆ ಇನ್ನೂ ಸಿಂಕಲ್ಲೇ ಇದೆ. ಹೋದ ವಾರವೇ ಒಂದು ಸಂಪಾದಕೀಯ ಬರೆದಿಟ್ಟಿದ್ದೆ, 1956ರ ಏಕೀಕರಣ, 1973ರಲ್ಲಿ ಬಂದ ಕರ್ನಾಟಕ ಅನ್ನೋ ಹೆಸರು, ಎಲ್ಲಾ ಇತ್ತು ಅದರಲ್ಲಿ. ಅದನ್ನ ಪಕ್ಕಕ್ಕಿಟ್ಟು ಇದನ್ನ ಬರೀತಾ ಇದೀನಿ, ಮಂಗಳವಾರ ಸಂಜೆ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೇಲಿ ಕೂತಿದೆ.

ಈ ಸಲ 'ನಮ್ಮೂರ ಮನೆ' ಅಂತ ಎರಡು ಪುಟ ಇದೆಯಲ್ಲ, ನೀವೆಲ್ಲ ಹಳೇ ಮನೆ ಫೋಟೋ ಕಳಿಸಿದ್ರಿ, ತೊಟ್ಟಿ ಮನೆ, ಗುತ್ತಿನ ಮನೆ, ಮಹಡಿ ಮನೆ, ನೋಡ್ತಾ ನೋಡ್ತಾ ನನಗೂ ಗಂಟಲು ಕಟ್ತು. ನಡುವೆ ನಮ್ಮ ತಾತನ ಮನೆ ಫೋಟೋ ಹಾಕ್ತಿದ್ದೆ, ತುರುವೇಕೆರೆ ಕಡೆಯ ಹಳ್ಳಿ, ಚಿಕ್ಕಪ್ಪನ ಮದುವೆ ದಿನ ತೆಗೆದಿದ್ದು. ಬಲಗಡೆ ಮೂಲೇಲಿ ಹಿತ್ತಲ ಬಾಗಿಲ ಹತ್ರ ಒಬ್ಬರು ಹೆಂಗಸು ಮಂಕರಿ ಹಿಡ್ಕೊಂಡು ನಿಂತಿದಾರೆ, ಪುಟಕ್ಕೆ ಸರಿಹೋಗ್ಲಿ ಅಂತ ಆ ಮೂಲೆ ಕ್ರಾಪ್ ಮಾಡ್ತಾ ಇದ್ದೆ. ಹಿಂದೆ ನಿಂತಿದ್ದ ಮಗಳು "ಅಮ್ಮಾ, ಯಾಕೆ ಅವ್ರನ್ನ ತೆಗೀತಿದೀಯ? ಅವ್ರ ಹೆಸರೇನು?" ಅಂದ್ಲು. ಗೊತ್ತಿಲ್ಲ ಪುಟ್ಟಾ ಅಂದೆ. "ಓ, ವೀಕ್ಸ್‌ವಿಲ್ ಲೇಡಿ ಥರಾನಾ?" ಅಂದ್ಲು.

ಅವತ್ತೇ ಅವಳ ಕ್ಲಾಸಿನವರನ್ನ ಬ್ರೂಕ್ಲಿನ್ನಿನ ವೀಕ್ಸ್‌ವಿಲ್ ಅನ್ನೋ ಹಳೇ ಮನೆಗಳ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರು. ಇಷ್ಟು ವರ್ಷ ಇಲ್ಲೇ ಇದ್ದೂ ನಾನು ಹೋದೋಳಲ್ಲ, ಆಮೇಲೆ ಗುರುವಾರ ಕೆಲಸಕ್ಕೆ ರಜ ಹಾಕಿ ಹೋಗಿ ಬಂದೆ. ಬರ್ಗನ್ ಸ್ಟ್ರೀಟಲ್ಲಿ ನಾಲ್ಕು ಮರದ ಮನೆ, ಈಗಿನ ರಸ್ತೆಗೆ ನೇರವಾಗಿಲ್ಲ, ಒಂಚೂರು ಓರೆಯಾಗಿ ನಿಂತಿವೆ. ಯಾಕಂದ್ರೆ ಅವು ಈಗಿನ ರಸ್ತೆಗಳು ಬರೋಕೆ ಮುಂಚೆ ಇದ್ದ ಹಂಟರ್‌ಫ್ಲೈ ರೋಡಿಗೆ ಮುಖ ಮಾಡಿ ಕಟ್ಟಿದ ಮನೆಗಳು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಮುಗಿದಿದ್ದು 1827ರಲ್ಲಿ, ಹನ್ನೊಂದು ವರ್ಷಕ್ಕೆ, 1838ರಲ್ಲಿ, ಜೇಮ್ಸ್ ವೀಕ್ಸ್ ಅನ್ನೋ ಕಪ್ಪು ಜನಾಂಗದ ಬಂದರು ಕೂಲಿ ಇಲ್ಲಿ ಜಾಗ ತಗೊಂಡ್ರು. ಜಾಗ ಅಂದ್ರೆ ಬರೀ ವಾಸಕ್ಕಲ್ಲ. 1821ರ ರಾಜ್ಯ ಸಂವಿಧಾನದ ಪ್ರಕಾರ ಕಪ್ಪು ಗಂಡಸಿಗೆ ಓಟು ಬೇಕಂದ್ರೆ 250 ಡಾಲರ್ ಬೆಲೆಯ ಆಸ್ತಿ ಇರಲೇಬೇಕು, ಬಿಳಿಯರಿಗೆ ಆ ಷರತ್ತು ಇಲ್ಲ. ಹಾಗಾಗಿ ಒಂದೊಂದು ಸೈಟೂ ಒಂದೊಂದು ಓಟು. ಹಾಗೆ ಕಪ್ಪು ಜನ ಸೇರಿ ವೀಕ್ಸ್ ಹೆಸರಿನ ಒಂದು ಊರೇ ಆಯ್ತು, ಅಲ್ಲಿ ಅವರದ್ದೇ ಶಾಲೆ, ಚರ್ಚು, ಅನಾಥಾಲಯ, ಪತ್ರಿಕೆ ಬಂತು, 1863ರಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ವಿರುದ್ಧ ಎದ್ದ ಗಲಭೇಲಿ ಮ್ಯಾನ್‌ಹಟನ್ನಿಂದ ಜೀವ ಉಳಿಸ್ಕೊಂಡು ಓಡಿ ಬಂದ ಕಪ್ಪು ಜನಕ್ಕೆ ಆಸರೆ ಆಯ್ತು. ಆಮೇಲೆ ನಗರ ಬೆಳೀತಾ ಬೆಳೀತಾ ಅದನ್ನ ನುಂಗಿ ಹಾಕ್ತು, ಹೆಸರೂ ಮರೆತುಹೋಯ್ತು.

1968ರಲ್ಲಿ ಜೇಮ್ಸ್ ಹರ್ಲಿ ಅನ್ನೋ ಇತಿಹಾಸಕಾರರೂ ಜೋಸೆಫ್ ಹೇನ್ಸ್ ಅನ್ನೋ ಪೈಲಟ್ಟೂ ಸಣ್ಣ ವಿಮಾನದಲ್ಲಿ ಮೇಲಿಂದ ಹುಡುಕಿದಾಗ ಆ ಓರೆ ಮನೆಗಳು ಕಣ್ಣಿಗೆ ಬಿದ್ವು. ಪಕ್ಕದಲ್ಲೇ ಹೊಸ ವಸತಿ ಕಟ್ಟೋಕೆ ಹಳೇ ಮನೆ ಕೆಡವ್ತಿದ್ರು, ಅಕ್ಕಪಕ್ಕದ ಜನ, ಶಾಲೆ ಮಕ್ಕಳು ಎಲ್ಲಾ ಸೇರಿ ಮಣ್ಣು ಅಗೆದು ಸಿಕ್ಕಿದ್ದನ್ನ ಎತ್ತಿಟ್ರು. ಮನೆಗಳನ್ನ ಉಳಿಸಿ ಅಂತ ನಗರದ ಕಮಿಷನ್ ಮುಂದೆ ಹೋಗಿ ಕೇಳಿದೋರಲ್ಲಿ ಆ ಮಕ್ಕಳೂ ಇದ್ರು, ಚಿಲ್ಲರೆ ಕಾಸೂ ಕೂಡಿಸಿದ್ರು. 1970ರಲ್ಲಿ ಲ್ಯಾಂಡ್‌ಮಾರ್ಕ್ ಆಯ್ತು, ಅಂದ್ರೆ ಕಾನೂನು ಕಾಪಾಡೋ ಹಳೇ ಕಟ್ಟಡ. ಮುಂದೆ ಜೋನ್ ಮೇನಾರ್ಡ್ ಅನ್ನೋ ಮಹಾತಾಯಿ ವರ್ಷಾನುಗಟ್ಟಲೆ ಅದನ್ನ ಮಗು ಥರ ಸಾಕಿದ್ರು.

ಆ ಅಗೆತದಲ್ಲಿ ಸಿಕ್ಕಿದ್ದರಲ್ಲಿ ತಗಡಿನ ಮೇಲೆ ತೆಗೆದ ಒಂದು ಹಳೇ ಕಾಲದ ಫೋಟೋ ಇದೆ. ಕಪ್ಪು ಹೆಂಗಸು, ನೇರವಾಗಿ ನಮ್ಮನ್ನೇ ನೋಡ್ತಿದಾರೆ. ಯಾರು ಅಂತ ಗೊತ್ತಿಲ್ಲ, ಅದಕ್ಕೇ ವೀಕ್ಸ್‌ವಿಲ್ ಲೇಡಿ. ಮಗಳು ಹೇಳಿದ್ದು ಅವರನ್ನೇ.

ಈಗ ನಮ್ಮ ಫೋಟೋದವರ ವಿಷಯ. ನಾವು ಮಕ್ಕಳು ಅವರನ್ನ ಹಿತ್ತಲಜ್ಜಿ ಅಂತಿದ್ವಿ, ದೊಡ್ಡೋರು 'ಏ ಇವ್ಳೇ' ಅಂತ ಕೂಗ್ತಿದ್ರು. ಬೆಳಕು ಹರಿಯೋಕೆ ಮುಂಚೆ ಕೇರಿಯಿಂದ ಬಂದು ಕೊಟ್ಟಿಗೆ ಬಾಚಿ, ಅಂಗಳ ಸಾರಿಸಿ, ಯುಗಾದಿ ಬಂತಂದ್ರೆ ಇಡೀ ಮನೆ ಹೊರಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೀತಿದ್ರು. ಬ್ರಷ್ಷಿಲ್ಲ, ಅಂಗೈಯೇ. ಸಂಜೆ ಬಿಸಿಲು ಜಗಲಿ ಗೋಡೆ ಮೇಲೆ ಓರೆಯಾಗಿ ಬಿದ್ದಾಗ ಆ ಅಂಗೈ ಎಳೆದ ಗುರುತು ಕಮಾನು ಕಮಾನಾಗಿ ಎದ್ದು ಕಾಣ್ತಿತ್ತು, ಒಂದರ ಪಕ್ಕ ಒಂದು, ನಾನು ನನ್ನ ಕೈ ಅದರ ಮೇಲಿಟ್ಟು ಅಳತೆ ನೋಡ್ತಿದ್ದೆ. ಆ ಗೋಡೆಗೆ ಮಣ್ಣು ತುಳಿದೋರು ಅವರ ಮಾವ ಅಂತೆ, ಹುಲ್ಲು ಹಾಕಿ ದಿನಗಟ್ಟಲೆ ತುಳಿದು ವರಸೆ ಮೇಲೆ ವರಸೆ ಏರಿಸಿದ್ದು. ಬಾಗಿಲವಾಡದ ಮೇಲೆ ಕೆತ್ತಿರೋದು ಮಾತ್ರ ನಮ್ಮ ಮುತ್ತಾತನ ಹೆಸರು. ಮಧ್ಯಾಹ್ನ ಮುದ್ದೆ ಹಿತ್ತಲಲ್ಲೇ, ಅವರ ತಟ್ಟೇಲಿ, ನೀರು ಮೇಲಿಂದ ಹುಯ್ಯೋದು, ಅವರು ಬೊಗಸೆ ಹಿಡಿಯೋದು. ನನಗೆ ಆರೇಳು ವರ್ಷ ಇರ್ಬೇಕು, ಒಂದು ದಿನ ನಮ್ಮ ಬೆಕ್ಕಿನ ಮರಿ ತೋರಿಸ್ತೀನಿ ಬಾ ಅಂತ ಅವರ ಕೈ ಹಿಡಿದು ಹಜಾರದ ಕಡೆ ಎಳೆದೆ, ಬೆಂಕಿ ತಾಗಿದ ಹಾಗೆ ಕೈ ಕಿತ್ಕೊಂಡ್ರು. ಅಜ್ಜಿ ಏನೂ ಬೈಲಿಲ್ಲ. ಬಚ್ಚಲಿಗೆ ಕರ್ಕೊಂಡು ಹೋಗಿ ತಲೆ ಮೇಲೆ ಎರಡು ಚೊಂಬು ನೀರು ಹುಯ್ದು ಒಳಗೆ ಬಿಟ್ಟುಕೊಂಡ್ರು, ಅಷ್ಟೇ. ಹಿತ್ತಲಜ್ಜಿ ಅದನ್ನ ನೋಡ್ತಾ ನಿಂತಿದ್ರು. ಆಮೇಲೆ ಎಷ್ಟೋ ದಿನ ನನ್ನ ಹತ್ರ ಬರ್ಲಿಲ್ಲ. ನಮ್ಮಜ್ಜಿ ಅಂದ್ರೆ ನನಗೆ ಪ್ರಾಣ, ಅವರು ಮಾಡಿದ್ದು ತಪ್ಪು, ಎರಡನ್ನೂ ಬರೆದೇ ಬಿಡ್ತೀನಿ.

ಬಣ್ಣ ಬೇರೆ, ಜಾತಿ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಆದ್ರೆ ಯಾವುದನ್ನ ಪರಂಪರೆ ಅಂತ ಕರೀತೀವಿ, ಯಾರನ್ನ ಮೂಲೆಯಿಂದ ಕತ್ತರಿಸ್ತೀವಿ ಅನ್ನೋದು ಇಲ್ಲೂ ಅಲ್ಲೂ ಹತ್ರ ಹತ್ರ ಇದೆ. ನ್ಯೂಯಾರ್ಕಲ್ಲಿ ಪೆನ್ ಸ್ಟೇಷನ್ ಅನ್ನೋ ರೈಲು ನಿಲ್ದಾಣದ ಆ ಭವ್ಯ ಕಟ್ಟಡವನ್ನ 1963ರಿಂದ ಒಡೆಯೋಕೆ ಶುರು ಮಾಡಿದಾಗ ಜನ ಮರುಗಿದ್ರು, 1965ರಲ್ಲಿ ಲ್ಯಾಂಡ್‌ಮಾರ್ಕ್ ಕಾನೂನೇ ಬಂತು, ಮರುವರ್ಷ ಇಡೀ ದೇಶಕ್ಕೆ ಒಂದು ಕಾನೂನು. ಒಳ್ಳೇದೇ. ಆದ್ರೆ ಉಳಿಸ್ಬೇಕಾದ ಐತಿಹಾಸಿಕ ಜಾಗಗಳ ರಾಷ್ಟ್ರೀಯ ಪಟ್ಟಿಗೆ ಸೇರ್ಬೇಕಂದ್ರೆ ಕಟ್ಟಡದ ಮೂಲರೂಪ ಕೆಡದೆ ಉಳಿದಿರ್ಬೇಕು. ಬಡವರ ಮನೇಲಿ ಮೂಲರೂಪ ಹೇಗೆ ಉಳಿಯುತ್ತೆ ಹೇಳಿ? 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ಮ್ಯಾಪ್ ಮಾಡಿ ಕಪ್ಪು ಜನ ಇರೋ ಬಡಾವಣೆಗಳಿಗೆ ಕೆಂಪು ಬಳೀತು, ವೀಕ್ಸ್‌ವಿಲ್ ಪಕ್ಕದ ಬೆಡ್‌ಫರ್ಡ್-ಸ್ಟೈವಸೆಂಟೂ ಕೆಂಪೇ. ಕೆಂಪು ಅಂದ್ರೆ ಸಾಲ ಕೊಡೋಕೆ ಅಪಾಯದ ಜಾಗ. ಸಾಲ ಇಲ್ದೆ ರಿಪೇರಿ ಇಲ್ಲ, ರಿಪೇರಿ ಇಲ್ದೆ ಮನೆ ಕುಸೀತು, ಕುಸಿದ ಮೇಲೆ ಕೊಳಗೇರಿ ಅಂತ ಹೆಸರಿಟ್ಟು ಬುಲ್ಡೋಜರ್ ಬಿಟ್ರು, ಕೊನೆಗೆ ಇಲ್ಲಿ ಉಳಿಸೋಕೆ ಏನೂ ಇಲ್ವಲ್ಲ ಅಂದ್ರು.

ನಾವು ಪ್ರತಿ ಬೇಸಿಗೆ ಸೆಂಟ್ರಲ್ ಪಾರ್ಕಲ್ಲಿ ಪಿಕ್‌ನಿಕ್ ಮಾಡ್ತೀವಲ್ಲ, ಪಶ್ಚಿಮದ ಕಡೆ 82ರಿಂದ 89ನೇ ಬೀದಿ ನೇರಕ್ಕೆ ಸೆನೆಕಾ ವಿಲೇಜ್ ಅಂತ ಊರೇ ಇತ್ತು, 1825ರಿಂದ. ಸುಮಾರು 225 ಜನ, ಮೂರರಲ್ಲಿ ಎರಡು ಪಾಲು ಕಪ್ಪು ಜನ, ಸ್ವಂತ ಮನೆ, ಚರ್ಚು, ಶಾಲೆ. ಪಾರ್ಕಿಗೆ ಅಂತ 1857ರಲ್ಲಿ ಎಲ್ಲರನ್ನೂ ಎಬ್ಬಿಸಿದ್ರು. ಪಾರ್ಕಿಗೆ 1963ರಲ್ಲೇ ರಾಷ್ಟ್ರೀಯ ಮಾನ್ಯತೆ, ಊರಿಗೆ ಒಂದು ಫಲಕ ಬಂದಿದ್ದು 2001ರಲ್ಲಿ. 2011ರಲ್ಲಿ ಅಗೆದಾಗ ಟೀ ಕೆಟಲ್ಲು, ಒಂದು ಮಗುವಿನ ಚರ್ಮದ ಶೂ ಸಿಕ್ಕಿದ್ವು. ಅದೇ ಹುಲ್ಲಿನ ಮೇಲೆ ಚಿತ್ರಾನ್ನದ ಡಬ್ಬ ಬಿಚ್ಚಿದ್ವಿ ನಾವು, ಹತ್ತು ವರ್ಷ.

ಊರಲ್ಲಿ ದೊಡ್ಡಪ್ಪನ ಮಗ ತಾತನ ಮನೆನ ಹೆರಿಟೇಜ್ ಹೋಂಸ್ಟೇ ಮಾಡ್ತಿದಾನೆ, ಬೋರ್ಡಿಗೆ ಮನೆ ಇತಿಹಾಸ ಬರ್ಕೊಡು ಅಂತ ಕೇಳಿದ್ದ. ಬರೆದುಕೊಟ್ಟಿದ್ದೆ. ನೆನ್ನೆ ತೆಗೆದು ಓದಿದೆ, ಮರ ಎಲ್ಲಿಂದ ಬಂತು ಅಂತ ಇದೆ, ಮಣ್ಣು ತುಳಿದೋರ ಬಗ್ಗೆ ಒಂದಕ್ಷರ ಇಲ್ಲ. ಬದಲಾಯಿಸ್ತೀನಿ ಇರು ಅಂದಿದೀನಿ.

ಸೂಚನೆಗಳು, ಜಾಗ ಕಮ್ಮಿ ಇದೆ, ಒಟ್ಟಿಗೆ ಓದ್ಕೊಳ್ಳಿ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ ಮೂರಕ್ಕೆ, ಹೋದ ವರ್ಷದ ಹಾಲೇ, ಕಾರು ಹಿಂದಿನ ಗೇಟಿಂದ ತನ್ನಿ. ನಾಡಗೀತೆಗೆ ಹೆಸರು ಕೊಟ್ಟ ಮಕ್ಕಳಿಗೆ ಪ್ರತಿ ಭಾನುವಾರ ಹತ್ತಕ್ಕೆ ಪ್ರಾಕ್ಟೀಸ್. ಬಿಸಿಬೇಳೆಬಾತ್ ಆಯ್ತು, ಮೊಸರನ್ನಕ್ಕೂ ಕೋಸಂಬರಿಗೂ ಯಾರೂ ಒಪ್ಕೊಂಡಿಲ್ಲ, ದಯವಿಟ್ಟು. ಕನ್ನಡ ಕಲಿ ತರಗತಿ ಥ್ಯಾಂಕ್ಸ್‌ಗಿವಿಂಗ್ ವಾರ ಇರಲ್ಲ. ಮೂರನೇ ಶನಿವಾರ ಮಕ್ಕಳನ್ನ ಕರ್ಕೊಂಡು ವೀಕ್ಸ್‌ವಿಲ್‌ಗೆ ಹೋಗೋಣ ಅಂತಿದೀನಿ, ಬರೋರು ಹೆಸರು ಕೊಡಿ. 2019ರಲ್ಲಿ ದುಡ್ಡಿಲ್ದೆ ಮುಚ್ಚೋ ಸ್ಥಿತಿಗೆ ಬಂದಿತ್ತು, ಜನ ಸಣ್ಣಪುಟ್ಟ ದೇಣಿಗೆ ಕೊಟ್ಟು ಉಳಿಸ್ಕೊಂಡ್ರು, ನಮ್ಮ ಕಡೆಯಿಂದಲೂ ಒಂದಿಷ್ಟು ಹಾಕೋಣ.

ಇನ್ನೊಂದು, ಹೇಳೋಕೆ ಸಂಕೋಚ. ಈ ಪತ್ರಿಕೆನ ನಾಲ್ಕು ವರ್ಷದಿಂದ ಹೆಚ್ಚು ಕಮ್ಮಿ ಒಬ್ಬಳೇ ಮಾಡ್ತಿದೀನಿ, ಜೊತೆಗಿದ್ದ ದಂಪತಿ ಬೇರೆ ರಾಜ್ಯಕ್ಕೆ ಹೋದ್ರು. ನನಗೆ ಆಗ್ತಿಲ್ಲ. ಟೈಪ್ ಮಾಡೋಕೆ ಒಬ್ಬರು, ಪುಟ ಕಟ್ಟೋಕೆ ಒಬ್ಬರು ಬಂದ್ರೆ ಸಾಕು. ಹಳೇ ಸಂಚಿಕೆಗಳ ಎರಡು ಡಬ್ಬ ಬೇಸ್‌ಮೆಂಟಲ್ಲಿ ಥಂಡಿ ಹಿಡೀತಿದೆ, ಸ್ಕ್ಯಾನ್ ಮಾಡ್ಬೇಕು, ಅದರ ಫೋಟೋಗಳಲ್ಲಿ ಅಡುಗೆ ಮಾಡಿದೋರು, ಹಾಲ್ ಗುಡಿಸಿದೋರು ಯಾರ ಹೆಸರೂ ಇಲ್ಲ, ಗುರುತು ಹಿಡಿಯೋ ಹಿರಿಯರು ಒಂದು ಮಧ್ಯಾಹ್ನ ಬಂದು ಕೂತ್ಕೋಬೇಕು. 'ನಮ್ಮೂರ ಮನೆ'ಗೆ ಇನ್ನು ಫೋಟೋ ಕಳಿಸೋರು ಕೆಲಸ ಮಾಡಿದೋರ ಹೆಸರೂ ಕೇಳಿ ಬರೆದು ಕಳಿಸಿ.

ನಮ್ಮ ಫೋಟೋ ಪೂರ್ತಿ ಹಾಕಿದೀನಿ, ಮೂಲೆ ಸಮೇತ. ಅಮ್ಮಂಗೆ ಫೋನ್ ಮಾಡಿದ್ರೆ ಅವರಿಗೂ ಹೆಸರು ನೆನಪಿಲ್ಲ, ಆಯಮ್ಮನ ಮೊಮ್ಮಗ ತಿಪಟೂರಲ್ಲಿ ಬಸ್ ಓಡಿಸ್ತಾನಂತೆ, ನಂಬರ್ ಹುಡುಕಿಸ್ತೀನಿ ಅಂದ್ರು. ಪ್ರಿಂಟಿಗೆ ಹೋಗೋದು ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಆಗ ಸಂಜೆ. ಫೋಟೋದ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಕಾಯ್ತಿದೀನಿ.